ಹಿಂದಿನ ಸಾಲಿನ ಮುಖಗಳು

ಮೇ 6, 2025, ಮಂಗಳವಾರ
ತುಮಕೂರು

ಭಾನುವಾರದ ಮದುವೆಯ ಫೋಟೊಗಳನ್ನು ಬೆಳಿಗ್ಗೆಯಿಂದ ಕಂಪ್ಯೂಟರಿನಲ್ಲಿ ಒಂದೊಂದಾಗಿ ನೋಡುತ್ತಾ ಕುಳಿತಿದ್ದೆ. ಎರಡೂ ಕಡೆಯ ಬಂಧುಗಳು ಒಟ್ಟಿಗೆ ನಿಂತ ದೊಡ್ಡ ಗ್ರೂಪ್ ಫೋಟೊ ಬಂದಾಗ ಕೈ ನಿಂತಿತು. ಕೊನೆಯ ಸಾಲಿನಲ್ಲಿ ಒಬ್ಬ ಅಜ್ಜಿಯ ಮುಖ ಮುಂದಿನವರ ಪೇಟದ ಹಿಂದೆ ಮರೆಯಾಗಿದೆ. ಕಾಣುವುದು ಅರ್ಧ ಹಣೆ, ಕುಂಕುಮ, ಒಂದು ಕಣ್ಣು. ಮೂರು ಸಲ ತೆಗೆದಿದ್ದೆ, ಮೂರರಲ್ಲೂ ಅದೇ ಕಥೆ. ಮೂರನೆಯದರಲ್ಲಿ ಅಜ್ಜಿ ತುದಿಗಾಲಿನ ಮೇಲೆ ನಿಂತು ಕತ್ತು ಚಾಚಿದ್ದಾರೆ. ಅಷ್ಟು ಪ್ರಯತ್ನಪಟ್ಟವರನ್ನು ನಾನು ಗಮನಿಸಲಿಲ್ಲ. ನನ್ನ ಕಣ್ಣು ನಡುವೆ ಕುಳಿತ ವಧೂವರರ ಮೇಲೆಯೇ ಇತ್ತು.

ಮನಸ್ಸಿಗೆ ಬಹಳ ಕೆಡುಕೆನಿಸಿತು. ಬೇರೆ ಫೋಟೊದಿಂದ ಅವರ ಮುಖವನ್ನು ಕತ್ತರಿಸಿ ಇಲ್ಲಿ ಅಂಟಿಸಬಹುದು, ಈಗ ಅದು ಹತ್ತು ನಿಮಿಷದ ಕೆಲಸ. ಆದರೆ ಕೈ ಬರಲಿಲ್ಲ. ಸ್ಟುಡಿಯೊ ನಡೆಸುತ್ತಿದ್ದ ದಿನಗಳಲ್ಲಿ ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು: "ಫೋಟೊ ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ಹುಡುಕುವುದು ತಮ್ಮ ಮುಖವನ್ನು. ಅದು ಸಿಗದಿದ್ದರೆ ಅವರ ಪಾಲಿಗೆ ಆ ದಿನ ನಡೆದೇ ಇಲ್ಲ."

ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರೆ ಇವತ್ತು ಮೇ 6. ಅಮೆರಿಕದ ಕಾಮಿಕ್ಸ್ ಚಿತ್ರಕಾರ ಜಾರ್ಜ್ ಪೆರೆಜ್ ತೀರಿಕೊಂಡು ಇವತ್ತಿಗೆ ಸರಿಯಾಗಿ ಮೂರು ವರ್ಷ.

ಒಳಗೆ ಹೋಗಿ ಟ್ರಂಕಿನಿಂದ ಆ ಹಳೆಯ ಕಾಮಿಕ್ಸ್ ತೆಗೆದೆ. 1996ರ ಬೇಸಿಗೆಯಲ್ಲಿ ಅಪ್ಪನ ಜೊತೆ ಫೋಟೊ ಪೇಪರ್ ತರಲು ಬೆಂಗಳೂರಿಗೆ ಹೋಗಿದ್ದಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿತ್ತು. ಹದಿನೈದು ರೂಪಾಯಿ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು, ಅಪ್ಪ ಚೌಕಾಸಿ ಮಾಡದೆ ಕೊಡಿಸಿದರು. 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್' ಎಂಬ ಹನ್ನೆರಡು ಸಂಚಿಕೆಗಳ ಕಥೆಯ ಏಳನೆಯ ಸಂಚಿಕೆ ಅದು, 1985ರದ್ದು. ಹಿಂದು ಮುಂದಿನ ಸಂಚಿಕೆಗಳಿಲ್ಲದೆ ಕಥೆ ನನಗೆ ಆಗ ಕಾಲುಭಾಗವೂ ಅರ್ಥವಾಗಿರಲಿಲ್ಲ. ಪೆರೆಜ್ ಬರೆದ ಮುಖಪುಟಕ್ಕೆ ಮಾತ್ರ ಯಾರ ವಿವರಣೆಯೂ ಬೇಕಿರಲಿಲ್ಲ.

ಸೂಪರ್‌ಮ್ಯಾನ್ ಅಳುತ್ತಿದ್ದಾನೆ. ಕಣ್ಣೀರು ಕೆನ್ನೆಗಿಳಿದಿದೆ, ಬಾಯಿ ತೆರೆದಿದೆ, ಆ ಕೂಗು ಕಾಗದದಿಂದಾಚೆಗೂ ಕೇಳುವಂತಿದೆ. ಎರಡೂ ತೋಳುಗಳ ಮೇಲೆ ಸೂಪರ್‌ಗರ್ಲ್‌ಳ ದೇಹ. ಉಡುಪು ಹರಿದಿದೆ, ಕೈಕಾಲು ಸೋತು ಜೋತುಬಿದ್ದಿವೆ. ಇಂಗ್ಲಿಷಿನಲ್ಲಿ ಅವಳು ಅವನಿಗೆ ಕಸಿನ್. ಅವನ ತಂದೆ ಜೋರ್-ಎಲ್, ಅವಳ ತಂದೆ ಜೋರ್-ಎಲ್‌ನ ಸಹೋದರ ಝೋರ್-ಎಲ್. ಅಂದರೆ ಚಿಕ್ಕಪ್ಪನ ಮಗಳು. ಕನ್ನಡದಲ್ಲಿ ಅವಳನ್ನು ತಂಗಿ ಎನ್ನದೆ ಬೇರೇನನ್ನೂ ಹೇಳಲಾಗುವುದಿಲ್ಲ. ಹದಿನಾರರ ವಯಸ್ಸಿನಲ್ಲಿ ನಾನು ಆ ಚಿತ್ರವನ್ನು ಓದಿದ್ದೂ ಹಾಗೆಯೇ: ಸತ್ತ ತಂಗಿಯನ್ನು ಅಣ್ಣ ಎತ್ತಿಕೊಂಡು ನಿಂತಿದ್ದಾನೆ.

ಅದುವರೆಗೆ ನಾನು ನೋಡಿದ್ದ ಸೂಪರ್‌ಮ್ಯಾನ್ ಮುಖಪುಟಗಳಲ್ಲಿ ಅವನ ಕೈಗೆ ಬೇರೆಯೇ ಕೆಲಸ. ಮುಷ್ಟಿ ಬಿಗಿದಿರುತ್ತದೆ, ಕಾರನ್ನೋ ಬಂಡೆಯನ್ನೋ ಎತ್ತಿರುತ್ತದೆ, ಸರಪಳಿ ಹರಿಯುತ್ತಿರುತ್ತದೆ. ಇಲ್ಲಿ ಆ ಎರಡು ಕೈಗಳಲ್ಲಿ ಮುಷ್ಟಿ ಕಟ್ಟಲು ಜಾಗವೇ ಇಲ್ಲ. ಭೂಮಿಯ ಮೇಲಿನ ಅತ್ಯಂತ ಬಲಶಾಲಿ ಹೊರಲಾರದ ಭಾರ ಒಬ್ಬ ಹುಡುಗಿಯದು. 1959ರಲ್ಲಿ ಮೊದಲ ಸಲ ಕಾಣಿಸಿಕೊಂಡ ಸೂಪರ್‌ಗರ್ಲ್, ಮಾರ್ವ್ ವೋಲ್ಫ್‌ಮನ್ ಬರೆದ ಈ ಕಥೆಯಲ್ಲಿ ಅಣ್ಣನನ್ನು ಉಳಿಸಲು ಆ್ಯಂಟಿ-ಮಾನಿಟರ್ ಎಂಬ ವೈರಿಯ ಮೇಲೆ ಬಿದ್ದು ಪ್ರಾಣ ಕೊಡುತ್ತಾಳೆ. ಮುಂದೆ ಪ್ರಕಾಶಕರು ಅವಳ ಹೆಸರಿಗೆ ಮತ್ತೆ ಜೀವ ಕೊಟ್ಟರು, ಅದು ಆ ಲೋಕದ ರೂಢಿ. ನನ್ನ ಟ್ರಂಕಿನಲ್ಲಿ ಮಾತ್ರ ಅವಳು ಎದ್ದಿಲ್ಲ.

ಈ ಭಂಗಿ ಪೆರೆಜ್ ಅವರದೇ ಹೊಸ ಕಲ್ಪನೆಯಲ್ಲ ಎನ್ನುವವರಿದ್ದಾರೆ. ಐದು ವರ್ಷ ಮೊದಲು, 1980ರಲ್ಲಿ, ಜಾನ್ ಬರ್ನ್ ಎಂಬ ಕಲಾವಿದ 'ಎಕ್ಸ್-ಮೆನ್' ಕಾಮಿಕ್ಸ್‌ನ 136ನೆಯ ಸಂಚಿಕೆಯ ಮುಖಪುಟದಲ್ಲಿ ಫೀನಿಕ್ಸ್‌ಳನ್ನು ಎತ್ತಿಕೊಂಡು ನಿಂತ ಸೈಕ್ಲಾಪ್ಸ್‌ನನ್ನು ಬರೆದಿದ್ದರು. ಅದಕ್ಕೂ ಶತಮಾನಗಳ ಹಿಂದೆ ಮೈಕೆಲೆಂಜೆಲೊ ಮಗನ ಶವವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯನ್ನು ಕಲ್ಲಿನಲ್ಲಿ ಕಡೆದಿದ್ದರು. ನಮ್ಮ ಚಂದ್ರಮತಿ ಕಾಡಿನಲ್ಲಿ ಲೋಹಿತಾಶ್ವನನ್ನು ತಬ್ಬಿ ಅತ್ತದ್ದನ್ನು ಶಾಲೆಯಲ್ಲಿ ಓದಿದವರಿಗೆ ಆ ಭಂಗಿ ಮನೆಯದೇ. ಇದರಲ್ಲಿ ಜಗಳವಾಡುವಂಥದ್ದು ನನಗೇನೂ ಕಾಣುವುದಿಲ್ಲ. ಪೆರೆಜ್ ಅವರ ಸ್ವಂತದ್ದು ಹಿಂದಿನ ಸಾಲುಗಳಲ್ಲಿದೆ.

ಸೂಪರ್‌ಮ್ಯಾನ್‌ನ ಹಿಂದೆ ಸಾಲು ಸಾಲಾಗಿ ವೀರರು ನಿಂತಿದ್ದಾರೆ, ದುಃಖದಲ್ಲಿ. ಯಾರೂ ಅವನ ಹತ್ತಿರಕ್ಕೆ ಬರುತ್ತಿಲ್ಲ. ಸಾವಿನ ಮನೆಯ ಅಂಗಳದಲ್ಲಿ ಜನ ನಿಲ್ಲುವುದು ಹಾಗೆಯೇ ಅಲ್ಲವೇ. ಬೇರೆ ಕಲಾವಿದರಾಗಿದ್ದರೆ ನಾಲ್ಕು ಗೆರೆಯಲ್ಲಿ ನೆರಳುಗಳನ್ನು ಎಳೆದು ಮುಗಿಸುತ್ತಿದ್ದರು, ಓದುಗನ ಕಣ್ಣು ಹೇಗೂ ನಡುವಿನಲ್ಲೇ ನೆಟ್ಟಿರುತ್ತದೆ. ಪೆರೆಜ್ ಅವರಿಗೆ ಅದು ಒಗ್ಗುತ್ತಿರಲಿಲ್ಲ. ಹಿಂದೆ ನಿಂತವರಿಗೂ ಅವರವರ ಮುಖವಾಡ, ಅವರವರ ಭುಜದ ಅಗಲ. ನನ್ನ ಪ್ರತಿಯ ಮೂಲೆಯೊಂದು ಮಡಚಿ ಬಣ್ಣ ಎದ್ದುಹೋಗಿದೆ, ಪಿನ್ನುಗಳ ಸುತ್ತ ತುಕ್ಕು ಹಿಡಿದಿದೆ. ಆ ಬಿಳಿ ಗೆರೆ ಮುಖಗಳತ್ತ ಹರಡದಿರಲಿ ಎಂದು ವರ್ಷಗಳ ಹಿಂದೆಯೇ ಪ್ಲಾಸ್ಟಿಕ್ ಹೊದಿಸಿಟ್ಟಿದ್ದೇನೆ.

ಅವರು ಹುಟ್ಟಿದ್ದು 1954ರಲ್ಲಿ, ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ, ಪೋರ್ಟೊರಿಕೊದಿಂದ ಬಂದ ಕುಟುಂಬದಲ್ಲಿ. ರಿಚ್ ಬಕ್ಲರ್ ಎಂಬ ಕಲಾವಿದರಿಗೆ ಸಹಾಯಕರಾಗಿ ಕೆಲಸ ಕಲಿತರು. 1980ರಲ್ಲಿ ವೋಲ್ಫ್‌ಮನ್ ಜೊತೆಗೂಡಿ ತಂದ 'ದ ನ್ಯೂ ಟೀನ್ ಟೈಟನ್ಸ್' ಅವರಿಗೆ ಹೆಸರು ತಂದಿತು. 1987ರಲ್ಲಿ ವಂಡರ್ ವುಮನ್‌ಗೆ ಗ್ರೀಕ್ ಪುರಾಣದ ಬೇರು ಕೊಟ್ಟು ಹೊಸದಾಗಿ ನಿಲ್ಲಿಸಿದರು. ಕೈಗವಸು ತೊಟ್ಟ ಥಾನೋಸ್ ಎಂದರೆ ಈಗಿನ ಮಕ್ಕಳಿಗೆ ಸಿನಿಮಾ ನೆನಪಾಗುತ್ತದೆ, ಆದರೆ 1991ರ 'ಇನ್‌ಫಿನಿಟಿ ಗಾಂಟ್ಲೆಟ್' ಮೊದಲ ಸಂಚಿಕೆಯ ಮುಖಪುಟವೂ ಪೆರೆಜ್ ಅವರದೇ.

ನಾನು ತಾಸುಗಟ್ಟಲೆ ನೋಡಿರುವ ಇನ್ನೊಂದು ಮುಖಪುಟವಿದೆ. ಅದರ ಪ್ರತಿ ನನ್ನ ಬಳಿ ಇಲ್ಲ, ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ನೋಡುತ್ತೇನೆ. ಡಿಸಿ ಮತ್ತು ಮಾರ್ವೆಲ್ ಎದುರಾಳಿ ಕಾಮಿಕ್ಸ್ ಕಂಪನಿಗಳು. ಡಿಸಿಯ ವೀರರ ತಂಡ ಜಸ್ಟಿಸ್ ಲೀಗ್ ಮತ್ತು ಮಾರ್ವೆಲ್‌ನ ತಂಡ ಅವೆಂಜರ್ಸ್ ಒಂದೇ ಕಥೆಯಲ್ಲಿ ಭೇಟಿಯಾಗಬೇಕೆಂಬ ಯೋಜನೆ ಎಂಬತ್ತರ ದಶಕದ ಆರಂಭದಲ್ಲೇ ಇತ್ತು. ಪೆರೆಜ್ ಇಪ್ಪತ್ತೊಂದು ಪುಟಗಳ ಚಿತ್ರ ಬರೆದೂ ಆಗಿತ್ತು. ಎರಡು ಕಂಪನಿಗಳ ಸಂಪಾದಕರ ನಡುವೆ ಹೊಂದಾಣಿಕೆಯಾಗದೆ 1983ರಲ್ಲಿ ಕೆಲಸ ನಿಂತಿತು. ಬರೆದ ಪುಟಗಳನ್ನು ಪಕ್ಕಕ್ಕಿಟ್ಟು ಇಪ್ಪತ್ತು ವರ್ಷ ಕಾಯುವುದೆಂದರೆ ಏನು ಎಂದು ಕೈಕೆಲಸದವರಿಗೆ ಗೊತ್ತು. ಕೊನೆಗೆ 2003ರಲ್ಲಿ ಕರ್ಟ್ ಬ್ಯೂಸಿಕ್ ಅವರ ಕಥೆಯೊಂದಿಗೆ ಅದು ಹೊರಬಂದಾಗ, ಮೂರನೆಯ ಸಂಚಿಕೆಯ ಮುಖಪುಟಕ್ಕೆ ಪೆರೆಜ್ ಮಾಡಿದ್ದೇನೆಂದರೆ, ಅಲ್ಲಿಯವರೆಗೆ ಆ ಎರಡು ತಂಡಗಳಲ್ಲಿ ಸದಸ್ಯರಾಗಿದ್ದ ಎಲ್ಲರನ್ನೂ ಕರೆತಂದು ನಿಲ್ಲಿಸಿದ್ದು. ಹಿಂಪುಟಕ್ಕೂ ಹಬ್ಬಿದ ಒಂದೇ ಚಿತ್ರ. ಇನ್ನೂರಕ್ಕೂ ಹೆಚ್ಚು ಜನ.

ಶಾಲೆಗಳ ಗ್ರೂಪ್ ಫೋಟೊ ತೆಗೆಯುವಾಗ ನನಗೆ ಅರವತ್ತು ಮಕ್ಕಳು. ಶಿಕ್ಷಕರಿಗೆ ಕುರ್ಚಿ, ಚಿಕ್ಕವರು ಮುಂದೆ ಜಮಖಾನೆಯ ಮೇಲೆ, ಎತ್ತರದವರು ಹಿಂದೆ ಬೆಂಚಿನ ಮೇಲೆ. ಇಬ್ಬರ ಭುಜಗಳ ನಡುವಿನ ಸಂದಿನಲ್ಲಿ ಹಿಂದಿನವನ ಮುಖ ಬರಬೇಕು, ಅದಕ್ಕಾಗಿ ಪ್ರತಿಯೊಬ್ಬನನ್ನೂ ಅರ್ಧ ಹೆಜ್ಜೆ ಸರಿಸಬೇಕು. ಅರವತ್ತಕ್ಕೇ ಗಂಟಲು ಒಣಗುತ್ತದೆ. ಪೆರೆಜ್ ಅವರ ಕೈಯಲ್ಲಿ ಇನ್ನೂರು ಜನ, ಒಬ್ಬರ ಗಾತ್ರ ಬೆಟ್ಟದಷ್ಟು, ಇನ್ನೊಬ್ಬರದು ಇರುವೆಯಷ್ಟು, ಕೊಂಬಿನವರು, ರೆಕ್ಕೆಯವರು, ನೆಲದ ಮೇಲೆ ನಿಲ್ಲದವರು. ಒಂದೆರಡು ಸಂಚಿಕೆಗಳಲ್ಲಿ ಬಂದು ಜನ ಮರೆತೇಬಿಟ್ಟ ಸದಸ್ಯನಿಗೂ ಅಲ್ಲಿ ಒಂದು ಸಂದು ಸಿಕ್ಕಿದೆ. ಆ ಸದಸ್ಯನನ್ನೇ ಪ್ರೀತಿಸುವ ಒಬ್ಬ ಓದುಗ ಎಲ್ಲೋ ಇರುತ್ತಾನೆ, ಪುಸ್ತಕ ಕೈಗೆ ಬಂದ ಕೂಡಲೇ ಅವನು ಆ ಮುಖವನ್ನೇ ಹುಡುಕುತ್ತಾನೆ. ಅಪ್ಪ ಹೇಳಿದ್ದನ್ನು ಪೆರೆಜ್ ಕೇಳಿರಲು ಸಾಧ್ಯವಿಲ್ಲ, ಆದರೂ ಇಬ್ಬರೂ ಒಂದೇ ಕಸುಬಿನವರು ಎನ್ನಿಸುತ್ತದೆ ನನಗೆ.

ಮಧುಮೇಹ, ಕಣ್ಣಿನ ತೊಂದರೆಗಳಿಂದಾಗಿ ಅವರು 2019ರಲ್ಲಿ ನಿವೃತ್ತಿ ಘೋಷಿಸಿದರು. 2021ರ ಡಿಸೆಂಬರಿನಲ್ಲಿ ತಮಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ, ಉಳಿದಿರುವುದು ಆರು ತಿಂಗಳೋ ಒಂದು ವರ್ಷವೋ ಎಂದು ಓದುಗರಿಗೆ ತಾವೇ ತಿಳಿಸಿದರು. ಚಿಕಿತ್ಸೆಯ ಹಿಂದೆ ಬೀಳದೆ ಆ ದಿನಗಳನ್ನು ಹೆಂಡತಿ, ಬಂಧುಗಳು, ಗೆಳೆಯರು ಮತ್ತು ಅಭಿಮಾನಿಗಳ ಜೊತೆ ಕಳೆಯುವುದಾಗಿ ಹೇಳಿದರು. ಅದರಲ್ಲೇ ಒಂದು ಆಸೆಯನ್ನೂ ಬರೆದಿದ್ದರು. ಕೊನೆಯದಾಗಿ ಒಮ್ಮೆ ಎಲ್ಲರ ಮುಂದೆ ಬಂದು ಸಾಧ್ಯವಾದಷ್ಟು ಓದುಗರ ಜೊತೆ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಪ್ರತಿಯೊಬ್ಬರನ್ನೂ ತಬ್ಬಿಕೊಳ್ಳಬೇಕು ಎಂದು. ಓದಿದಾಗ ಸ್ಟುಡಿಯೊದಲ್ಲಿ ಒಬ್ಬನೇ ಇದ್ದೆ. ಕಣ್ಣೊರೆಸಿಕೊಂಡೆ.

2022ರ ಮಾರ್ಚಿನಲ್ಲಿ ಎರಡೂ ಕಂಪನಿಗಳು ಒಪ್ಪಿ, ಕಷ್ಟದಲ್ಲಿರುವ ಕಾಮಿಕ್ಸ್ ಕಲಾವಿದರಿಗೆ ನೆರವಾಗುವ ಹೀರೊ ಇನಿಶಿಯೇಟಿವ್ ಸಂಸ್ಥೆಯ ಮೂಲಕ ಆ ಜೋಡಿ ತಂಡದ ಕಥೆಯನ್ನು ಮತ್ತೆ ಅಚ್ಚು ಹಾಕಿಸಿದವು, 7,000 ಪ್ರತಿಗಳು. ಮೇ 6ರಂದು ಪೆರೆಜ್ ಹೋದರು, 67ನೆಯ ವಯಸ್ಸಿನಲ್ಲಿ. ಸುದ್ದಿ ಹೊರಬಂದದ್ದು ಮರುದಿನ. ಅಂದು ಮೇ ತಿಂಗಳ ಮೊದಲ ಶನಿವಾರ, ಕಾಮಿಕ್ಸ್ ಅಂಗಡಿಗಳು ಬಂದವರಿಗೆಲ್ಲ ಉಚಿತವಾಗಿ ಕಾಮಿಕ್ಸ್ ಹಂಚುವ ದಿನ.

ಸಂಜೆ ಮಳೆ ನಿಂತ ಮೇಲೆ ಮದುವೆ ಮನೆಗೆ ಫೋನ್ ಮಾಡಿದೆ. ಹುಡುಗಿಯ ಅಣ್ಣ ಎತ್ತಿಕೊಂಡರು. ಆ ಅಜ್ಜಿ ಅವರ ತಾಯಿಯ ಸೋದರತ್ತೆಯಂತೆ, ಇನ್ನೂ ಊರಿಗೆ ಹೊರಟಿಲ್ಲವಂತೆ, ಗುರುವಾರದವರೆಗೆ ಇಲ್ಲೇ ಇರುತ್ತಾರಂತೆ. ಗ್ರೂಪ್ ಫೋಟೊದಲ್ಲಿ ಅವರ ಮುಖ ಮರೆಯಾಗಿದೆ, ತಪ್ಪು ನನ್ನದು, ನಾಳೆ ಕ್ಯಾಮೆರಾ ತೆಗೆದುಕೊಂಡು ಬರುತ್ತೇನೆ, ಮನೆಯಲ್ಲಿ ಯಾರಿದ್ದೀರೋ ಅವರೆಲ್ಲ ಅಜ್ಜಿಯ ಸುತ್ತ ನಿಂತುಕೊಳ್ಳಿ ಎಂದೆ. ಅವರು ಫೋನ್ ಹಿಡಿದುಕೊಂಡೇ ಒಳಗೆ ಕೂಗಿ ಕೇಳಿದರು. ಅಜ್ಜಿಯ ದನಿ ನನಗೂ ಕೇಳಿಸಿತು: "ಹತ್ತು ಗಂಟೆಯ ಮೇಲೆ ಬರಲಿ. ಹಸಿರು ರೇಷ್ಮೆ ಸೀರೆಯನ್ನು ಬ್ಯಾಗಿನ ತಳದಲ್ಲಿ ಇಟ್ಟುಬಿಟ್ಟಿದ್ದೇನೆ, ತೆಗೆಯಬೇಕು."