ಒಂದು ಕಿವಿ ಮಿಲ್ಲಿಗೆ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ರಾಬರ್ಟ್ ಹುಡ್ ಅವರ 'ಮಿನಿಮಲ್ ನೇಷನ್' ಕೇಳುತ್ತಾ ಮಲಗಿದ್ದೆ. 1994ರ ಟೆಕ್ನೋ ರೆಕಾರ್ಡ್ (ಟೆಕ್ನೋ ಅಂದರೆ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಕಟ್ಟುವ ಡ್ಯಾನ್ಸ್ ಸಂಗೀತ), ಅಮೆರಿಕದ ಡೆಟ್ರಾಯ್ಟ್‌ನದು. ಡ್ರಮ್ ಮಷೀನು, ಜೊತೆಗೆ ಸಿಂಥಸೈಜರಿನ ಒಂದು ಪುಟ್ಟ ತುಣುಕು. ಅದೇ ಸುತ್ತುತ್ತಿರುತ್ತದೆ. ಮೊದಲು ಏನೂ ಆಗ್ತಾ ಇಲ್ಲ ಅನ್ನಿಸುತ್ತದೆ. ಆಮೇಲೆ ಎಲ್ಲೋ ಒಂದು ಸದ್ದು ಕೂದಲೆಳೆಯಷ್ಟು ಬದಲಾಗುತ್ತದೆ. ಅಷ್ಟಕ್ಕೇ ಮೈ ಜುಮ್ ಅನ್ನುತ್ತದೆ.

ಇಯರ್‌ಫೋನ್ ತೆಗೆದೆ. ಗಂಗಾವತಿಯಲ್ಲಿ ಸುಗ್ಗಿ, ಪಕ್ಕದ ರೈಸ್ ಮಿಲ್ಲು ರಾತ್ರಿಯಿಡೀ ಓಡುತ್ತಿದೆ. ಜರಡಿ ಚಕ್ ಚಕ್ ಅಂತ ಅಲ್ಲಾಡುತ್ತದೆ. ಅದರಡಿ ಮೋಟರಿನ ಗುಂಯ್. ಬೆಲ್ಟಿನ ಜಾಯಿಂಟ್ ಸುತ್ತಿ ಬಂದಾಗಲೆಲ್ಲ ಒಂದು ಟಪ್. ಅಪ್ಪ ಈ ಸದ್ದಿನಲ್ಲೇ ತೌಡಿನ ಧೂಳು ಮೆತ್ತಿಕೊಂಡು ಇಪ್ಪತ್ತು ವರ್ಷ ದುಡಿದರು. ಬೆಲ್ಟ್ ಸಡಿಲಾದರೆ ಹೊರಗೆ ನಿಂತೇ, ಬರೀ ಕಿವಿಯಲ್ಲಿ ಕಂಡುಹಿಡಿಯುತ್ತಿದ್ದರು.

ಡೆಟ್ರಾಯ್ಟ್ ಕೂಡ ಕಾರು ಫ್ಯಾಕ್ಟರಿಗಳ ಊರು. ಆ ರೆಕಾರ್ಡ್ ಇಷ್ಟು ಒರಟಾಗಿ, ಪಾಲಿಶ್ ಮಾಡದ ಅಕ್ಕಿ ಥರ ಇರೋದು ಸುಮ್ನೆ ಅಲ್ಲ, ಅಲ್ವಾ? ನನಗಂತೂ ಅದರಲ್ಲಿ ದುಡಿಮೆ ಕೇಳಿಸುತ್ತದೆ.

ಮತ್ತೆ ಇಯರ್‌ಫೋನ್ ಹಾಕಿಕೊಂಡೆ, ಒಂದೇ ಕಿವಿಗೆ. ಇನ್ನೊಂದನ್ನು ಮಿಲ್ಲಿಗೆ ಬಿಟ್ಟೆ.