ಪಟ್ಟೆ ಬಟ್ಟೆಯ ಕೋಣೆ

ದಾವಣಗೆರೆಯಲ್ಲಿ ಮದುವೆಗಳ ಗಡಿಬಿಡಿ ಮುಗಿದು ಮಳೆ ಇನ್ನೂ ಹಿಡಿಯದ ದಿನಗಳಲ್ಲಿ ಶಾಮಿಯಾನದ ಅಂಗಡಿಯವರಿಗೆ ಕೊಂಚ ಬಿಡುವಿರುತ್ತದೆ. ಆ ಬಿಡುವನ್ನು ನೋಡಿಕೊಂಡೇ ನಮ್ಮ ಕಾಲೇಜಿನ ಮನಃಶಾಸ್ತ್ರ ವಿಭಾಗದ ಪ್ರದರ್ಶನಕ್ಕೆ ದಿನ ಗೊತ್ತುಮಾಡಿದ್ದೆವು. ನಮಗೆ ಬೇಕಾಗಿದ್ದದ್ದು ಕೆಂಪು ಬಿಳಿ ಪಟ್ಟೆಗಳ ಬಟ್ಟೆ, ಉದ್ದನೆಯ ಬಿದಿರಿನ ಗಳ, ಹಗ್ಗ ಮತ್ತು ಇವನ್ನು ಬಿಗಿಯಾಗಿ ಕಟ್ಟಬಲ್ಲ ಕೈಗಳು. "ಊಟಕ್ಕೆ ಎಷ್ಟು ಜನ ಆಗ್ತಾರ್ರಿ ಮೇಡಂ?" ಎಂದು ಅಂಗಡಿಯವರು ಕೇಳಿದರು. ಊಟವಿಲ್ಲ, ಒಬ್ಬೊಬ್ಬರೇ ಒಳಗೆ ಹೋಗಿ ನಿಲ್ಲುತ್ತಾರೆ, ನಾವು ಹೊರಗಿನಿಂದ ಶಾಮಿಯಾನವನ್ನು ಅಲ್ಲಾಡಿಸುತ್ತೇವೆ ಎಂದಾಗ ಅವರು ಮತ್ತೇನನ್ನೂ ಕೇಳದೆ ಬಾಡಿಗೆಯನ್ನು ಮಾತ್ರ ಮುಂಗಡವಾಗಿಯೇ ಪಡೆದುಕೊಂಡರು.

ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ಡೇವಿಡ್ ಲೀ 1970ರ ದಶಕದಲ್ಲಿ ಬಳಸಿದ ತೂಗುಕೋಣೆಯನ್ನು ಕಡಿಮೆ ಖರ್ಚಿನಲ್ಲಿ ಕಟ್ಟಿ ತೋರಿಸುವುದು ನಮ್ಮ ಉದ್ದೇಶವಾಗಿತ್ತು. ಮೂರು ಗೋಡೆ ಮತ್ತು ಮಾಡು ಇರುವ, ಆದರೆ ನೆಲವೇ ಇಲ್ಲದ ಪೆಟ್ಟಿಗೆಯೊಂದನ್ನು ಮೇಲಿನಿಂದ ಇಳಿಬಿಟ್ಟು, ಅದರೊಳಗೆ ಗಟ್ಟಿ ನೆಲದ ಮೇಲೆ ವ್ಯಕ್ತಿಯನ್ನು ನಿಲ್ಲಿಸಿ, ಪೆಟ್ಟಿಗೆಯನ್ನಷ್ಟೇ ಹಿಂದಕ್ಕೂ ಮುಂದಕ್ಕೂ ಸರಿಸುವುದು ಆ ವಿಧಾನ. 1974ರಲ್ಲಿ ಲೀ ಮತ್ತು ಎರಿಕ್ ಆರನ್ಸನ್ ಆಗತಾನೆ ನಿಲ್ಲಲು ಕಲಿತ 13ರಿಂದ 16 ತಿಂಗಳ ಮಕ್ಕಳನ್ನು ಅಂಥ ಕೋಣೆಯೊಳಗೆ ನಿಲ್ಲಿಸಿದಾಗ ಮಕ್ಕಳು ಓಲಾಡಿದರು, ತತ್ತರಿಸಿದರು, ಕೆಲವರು ಬಿದ್ದೇಬಿಟ್ಟರು. ಯಾರೂ ಅವರನ್ನು ಮುಟ್ಟಿರಲಿಲ್ಲ, ಕಾಲ ಕೆಳಗಿನ ನೆಲವೂ ಕದಲಿರಲಿಲ್ಲ. ಅಲುಗಿದ್ದು ಸುತ್ತಲಿನ ಗೋಡೆ ಮಾತ್ರ.

ನಮ್ಮ ಸಭಾಂಗಣದ ಚಾವಣಿಗೆ ಕಬ್ಬಿಣದ ತೊಲೆಗಳಿರುವುದರಿಂದ ಕಟ್ಟುವ ಕೆಲಸ ಸುಲಭವಾಯಿತು. ಬಿದಿರಿನ ಚೌಕಟ್ಟಿನ ನಾಲ್ಕು ಮೂಲೆಗಳಿಗೂ ಒಂದೇ ಅಳತೆಯ ಉದ್ದನೆಯ ಹಗ್ಗಗಳನ್ನು ಕಟ್ಟಿ ತೊಲೆಗೆ ಬಿಗಿದೆವು. ಹಗ್ಗ ಉದ್ದವಿದ್ದಷ್ಟೂ ಚೌಕಟ್ಟು ತೊಟ್ಟಿಲಿನಂತೆ ಮೇಲೇಳದೆ ನೆಲಕ್ಕೆ ಸಮನಾಗಿ ಸರಿಯುತ್ತದೆ. ಬಟ್ಟೆ ಗಾಳಿಗೆ ಅಲೆಯಾಡದಿರಲೆಂದು ಫ್ಯಾನುಗಳನ್ನು ನಿಲ್ಲಿಸಿ, ಬಟ್ಟೆಯ ಕೆಳ ಅಂಚಿಗೆ ಮರಳಿನ ಚೀಲಗಳನ್ನು ಕಟ್ಟಬೇಕಾಯಿತು. ಶಾಮಿಯಾನದ ಪಟ್ಟೆಗಳು ಈ ಕೆಲಸಕ್ಕೆಂದೇ ನೇಯ್ದವೇನೋ ಎಂಬಂತಿದ್ದವು, ಏಕೆಂದರೆ ಚಲನೆಯನ್ನು ಗುರುತಿಸಲು ಕಣ್ಣಿಗೆ ಬೇಕಾಗುವುದು ಸ್ಪಷ್ಟವಾದ ಅಂಚುಗಳು. ಬರಿಯ ಬಿಳಿ ಬಟ್ಟೆಯನ್ನು ಎಷ್ಟು ಎಳೆದಾಡಿದರೂ ಕಣ್ಣು ಅದನ್ನು ಅಷ್ಟಾಗಿ ಗಮನಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲು ಒಳಗೆ ಹೋದವನು ಅಂತಿಮ ವರ್ಷದ ಹುಡುಗ. ಪಾದಗಳನ್ನು ಜೋಡಿಸಿ, ಕೈಕಟ್ಟಿ, ಎದುರಿನ ಬಟ್ಟೆಯನ್ನು ನೋಡುತ್ತಾ ನಿಂತಿದ್ದ ಅವನ ಕಡೆಗೆ ನಾವು ಚೌಕಟ್ಟನ್ನು ಒಂದು ಗೇಣಿನಷ್ಟು ತಳ್ಳಿದೆವು. ಅವನ ಎದೆ ಹಿಂದಕ್ಕೆ ಸರಿಯಿತು, ಹಿಮ್ಮಡಿಯ ಮೇಲೆ ಭಾರ ಬಿತ್ತು. ಚೌಕಟ್ಟನ್ನು ದೂರಕ್ಕೆ ಎಳೆದಾಗ ಮುಂದಕ್ಕೆ ಬಾಗಿದ. ಮಂದವಾಗಿ ಹಿಂದೆ ಮುಂದೆ ಮಾಡತೊಡಗಿದ ಮೇಲೆ ಅವನ ಇಡೀ ದೇಹ, ಹಗ್ಗ ಅವನಿಗೇ ಕಟ್ಟಿದೆಯೇನೋ ಎಂಬಂತೆ ಬಟ್ಟೆಯ ಜೊತೆಜೊತೆಗೇ ಓಲಾಡಿತು. ಹೊರಗೆ ಬಂದ ಮೇಲೆ ಕೇಳಿದರೆ, ತಾನು ಕದಲದೆ ನಿಂತಿದ್ದೆನೆಂದೇ ಹೇಳಿದ. ಗೆಳೆಯರು ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೋವನ್ನು ತೋರಿಸುವವರೆಗೂ ಅವನು ಅದನ್ನು ಒಪ್ಪಲಿಲ್ಲ.

ಬಟ್ಟೆ ಹತ್ತಿರ ಬಂದಾಗ ಹಿಂದಕ್ಕೆ ಸರಿಯುವುದು ಹೆದರಿಕೆಯಿಂದಲ್ಲ. ಎದುರಿನ ದೃಶ್ಯವೆಲ್ಲ ಒಮ್ಮೆಗೇ ಹಿಗ್ಗುತ್ತಾ ಅಂಚುಗಳ ಕಡೆಗೆ ಹರಿಯುವುದು ಸಾಮಾನ್ಯ ಬದುಕಿನಲ್ಲಿ ಒಂದೇ ಸಂದರ್ಭದಲ್ಲಿ, ಅಂದರೆ ನಾವೇ ಮುಂದಕ್ಕೆ ಸಾಗುತ್ತಿರುವಾಗ ಅಥವಾ ಮುಗ್ಗರಿಸುತ್ತಿರುವಾಗ. ಅದನ್ನು ಕಂಡ ಮಿದುಳು ದೇಹ ಮುಂದಕ್ಕೆ ಬೀಳುತ್ತಿದೆಯೆಂದು ತೀರ್ಮಾನಿಸಿ ಸ್ನಾಯುಗಳನ್ನು ಹಿಂದಕ್ಕೆ ಎಳೆಯುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ದೃಷ್ಟಿಯ ಬಗ್ಗೆ ಕೆಲಸ ಮಾಡುತ್ತಾ ಈ ದೃಶ್ಯಪ್ರವಾಹವನ್ನು ಗಮನಕ್ಕೆ ತಂದರು, 1950ರಲ್ಲಿ ಅದನ್ನು ವಿಸ್ತಾರವಾಗಿ ಬರೆದರು. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಬರುವಾಗ ಚಾಲಕರ ಪಕ್ಕದ ಆಸನದಲ್ಲಿ ಕುಳಿತವರು ಇದನ್ನು ಚೆನ್ನಾಗಿ ನೋಡಬಹುದು. ನಾವು ಸಾಗುತ್ತಿರುವ ದಿಕ್ಕಿನ ಒಂದು ಬಿಂದು ಮಾತ್ರ ಕದಲದೆ ನಿಂತಿರುತ್ತದೆ, ಮಿಕ್ಕಿದ್ದೆಲ್ಲ ಅಲ್ಲಿಂದ ಹೊರಹೊಮ್ಮಿ ಎರಡೂ ಬದಿಗೆ ಹರಿದುಹೋಗುತ್ತದೆ. ರಸ್ತೆಯಂಚಿನ ಜಾಲಿ ಗಿಡಗಳು ಹಾರಿದಂತೆ ಹಿಂದಾದರೆ, ದೂರದ ಗುಡ್ಡದ ಗಾಳಿಯಂತ್ರಗಳು ಬಹಳ ಹೊತ್ತು ನಮ್ಮ ಜೊತೆಯಲ್ಲೇ ಬರುತ್ತವೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಒಳ್ಳೆಯ ಪ್ರಶ್ನೆಯೊಂದನ್ನು ಎತ್ತಿದಳು. ಬಟ್ಟೆ ಯಾವಾಗ ಅಲುಗುತ್ತದೆಂದು ಮುಂಚಿತವಾಗಿ ತಿಳಿದವರು ಓಲಾಡಬಾರದಲ್ಲವೇ? ಹಾಗಾದರೆ ನೀನೇ ಎಳೆ ಎಂದು ಹಗ್ಗದ ತುದಿಯನ್ನು ಒಂದು ರಾಟೆಯ ಮೂಲಕ ಒಳಕ್ಕೆ ತಂದು ಅವಳ ಕೈಗೇ ಕೊಟ್ಟೆವು. ಯಾವಾಗ, ಎಷ್ಟು, ಯಾವ ಕಡೆಗೆ ಎಂಬುದೆಲ್ಲ ಅವಳಿಗೆ ಗೊತ್ತಿದ್ದರೂ ಅವಳು ಓಲಾಡಿದಳು. ಹಗ್ಗ ಎಳೆಯುವ ಕೈಯ ಬಲವೂ ಅದರಲ್ಲಿ ಸೇರಿರಬಹುದೆಂದು ಭೌತಶಾಸ್ತ್ರದ ಸಹೋದ್ಯೋಗಿ ತಕರಾರು ತೆಗೆದರು, ಅದು ನ್ಯಾಯವಾದ ತಕರಾರೇ. ಆಮೇಲೆ ಅವಳು "ಈಗ" ಎಂದು ಹೇಳುವುದು, ಹೊರಗಿನವರು ಎಳೆಯುವುದು ಎಂದು ಬದಲಿಸಿದೆವು. ಆಗಲೂ ಓಲಾಟ ನಿಲ್ಲಲಿಲ್ಲ. ಲಿಶ್ಮನ್ ಮತ್ತು ಲೀ 1973ರಲ್ಲೇ ಇಂಥ ಕೋಣೆಯನ್ನು ಬಳಸಿ, ಕಣ್ಣು ಕೊಡುವ ಚಲನೆಯ ವರದಿ ಕೈಕಾಲುಗಳ ವರದಿಯನ್ನು ಮೀರಿ ನಿಲ್ಲುತ್ತದೆಂದು ತೋರಿಸಿದ್ದರು. ನನ್ನ ಮಟ್ಟಿಗೆ ಅಂದಿನ ಪ್ರದರ್ಶನದ ತಿರುಳು ಇದೇ. ಕೋಣೆ ಅಲುಗುತ್ತಿದೆ ಎಂಬ ಅರಿವು ಬುದ್ಧಿಗೆ ತಲುಪುತ್ತದೆ, ಪಾದಗಳನ್ನು ತಲುಪುವುದಿಲ್ಲ.

ಕಣ್ಣಿಗೆ ಇಷ್ಟೊಂದು ಅಧಿಕಾರವೇಕೆ ಎಂಬುದಕ್ಕೆ ಒಳಗಿವಿಯ ರಚನೆಯಲ್ಲಿ ಉತ್ತರವಿದೆ. ಅಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗುವುದನ್ನೂ, ಅವುಗಳ ಬುಡದ ಎರಡು ಚೀಲಗಳು ನೇರ ಚಲನೆಯನ್ನೂ ವಾಲುವಿಕೆಯನ್ನೂ ಗುರುತಿಸುತ್ತವೆ. ಆದರೆ ಚಲನೆಯ ಮಟ್ಟಿಗೆ ಇವೆಲ್ಲ ತಿಳಿಸುವುದು ವೇಗದಲ್ಲಾಗುವ ಬದಲಾವಣೆಯನ್ನು. ವೇಗ ಒಂದೇ ಸಮನಾದರೆ ಒಳಗಿವಿಗೆ ಹೇಳಲು ಏನೂ ಉಳಿಯುವುದಿಲ್ಲ, ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಒಂದು ನಿಮಿಷದೊಳಗೆ ನಾಳಗಳ ಸಂಕೇತ ಇಳಿದುಹೋಗುತ್ತದೆ. ಹೀಗಾಗಿ ಓಡುತ್ತಿರುವ ರೈಲು ಮತ್ತು ನಿಂತ ರೈಲುಗಳ ನಡುವಿನ ವ್ಯತ್ಯಾಸವನ್ನು ಬಹುಪಾಲು ಕಿಟಕಿಯೇ ಹೇಳಬೇಕು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಚಿತ್ರದುರ್ಗದ ಗಾಡಿಯೊಳಗೆ ಕಾಯುತ್ತಾ ಕುಳಿತವರಿಗೆ ಪಕ್ಕದ ಹಳಿಯ ಗಾಡಿ ನಯವಾಗಿ ಹೊರಟಾಗ ತಮ್ಮದೇ ಹೊರಟಂತೆ ಅನ್ನಿಸುವುದು ಈ ಕಾರಣದಿಂದ. ಅಷ್ಟು ಮೆಲ್ಲನೆಯ ಹೊರಡುವಿಕೆಯನ್ನು ಒಳಗಿವಿ ನಿಜವಾಗಿಯೂ ಗುರುತಿಸದೆ ಹೋಗಬಹುದಾದ್ದರಿಂದ, ಅದರ ಮೌನವನ್ನು ಮಿದುಳು ಸಾಕ್ಷಿಯಾಗಿ ಎಣಿಸುವುದಿಲ್ಲ. ಈ ಸಂಶೋಧನೆಯ ಹಿರಿಯರಲ್ಲಿ ಒಬ್ಬರಾದ ಅರ್ನ್‌ಸ್ಟ್ ಮಾಖ್ ಅವರಿಗೂ ಪ್ರೇರಣೆ ರೈಲಿನಿಂದಲೇ ಬಂದಿತ್ತು. ತಿರುವಿನಲ್ಲಿ ಗಾಡಿ ಸಾಗುವಾಗ ಹೊರಗಿನ ಮನೆ, ಮರಗಳು ವಾಲಿದಂತೆ ಕಂಡದ್ದನ್ನು ಅವರು ಅಲ್ಲಿಗೇ ಬಿಡದೆ ಹಿಂಬಾಲಿಸಿದರು, 1875ರಲ್ಲಿ ಚಲನೆಯ ಸಂವೇದನೆಗಳ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು.

ಸಭಾಂಗಣದ ಇನ್ನೊಂದು ಮೂಲೆಯಲ್ಲಿ ನಾವು ತಿರುಗುವ ಪರದೆಯನ್ನು ಕಟ್ಟಿದ್ದೆವು. ಪಿ.ಬಿ. ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲಿ ಸರಳನ್ನು ಬಗ್ಗಿಸಿ ಆರಡಿ ಅಗಲದ ಬಳೆ ಮಾಡಿಸಿ, ಬೇರಿಂಗಿನ ಆಧಾರದ ಮೇಲೆ ಅದನ್ನು ತೂಗುಹಾಕಿ, ಸುತ್ತಲೂ ಅದೇ ಪಟ್ಟೆ ಬಟ್ಟೆಯನ್ನು ನೆಲ ಮುಟ್ಟುವಂತೆ ಇಳಿಬಿಟ್ಟಿದ್ದೆವು. ನಡುವಿನ ಸ್ಟೂಲಿನ ಮೇಲೆ ನಾನೇ ಮೊದಲು ಕುಳಿತೆ. ಪರದೆ ಬಲಕ್ಕೆ ತಿರುಗತೊಡಗಿದಾಗ ಆರಂಭದಲ್ಲಿ ಬಟ್ಟೆ ತಿರುಗುತ್ತಿದೆ ಎಂಬುದು ಸ್ಪಷ್ಟವಾಗಿಯೇ ಕಾಣುತ್ತಿತ್ತು. ಕೆಲವು ಕ್ಷಣಗಳ ನಂತರ ಬಟ್ಟೆಯ ವೇಗ ತಗ್ಗುತ್ತಾ ಬಂದಂತೆ ತೋರಿತು. ಹುಡುಗರು ದಣಿದರೆಂದು ನಾನು ಭಾವಿಸುವಷ್ಟರಲ್ಲಿ ಸ್ಟೂಲು ನನ್ನನ್ನು ಹೊತ್ತುಕೊಂಡು ಎಡಕ್ಕೆ ತಿರುಗಲು ತೊಡಗಿತು. ಬಟ್ಟೆ ಪೂರ್ತಿ ನಿಂತುಹೋಗಿತ್ತು. ನಾನು ನೆಲದ ಮೇಲೆ ಪಾದಗಳನ್ನು ಒತ್ತಿ ಹಿಡಿದಿದ್ದೆ, ಪಾದದ ಅಡಿಯಲ್ಲಿ ನೆಲ ಜಾರುತ್ತಿರಲಿಲ್ಲ, ಆದರೂ ನೆಲ ಸಮೇತ ತಿರುಗುತ್ತಿದ್ದೇನೆ ಎಂಬ ಅನುಭವ ಅಳಿಸಿಹೋಗಲಿಲ್ಲ. ಕಣ್ಣು ಮುಚ್ಚಿದಾಗ ಅದು ನಿಂತಿತು, ತೆರೆದ ಮೇಲೆ ಬಟ್ಟೆ ಮೊದಲಿನಿಂದ ತಿರುಗಿ, ನಿಧಾನಿಸಿ, ತಿರುಗುವ ಸರದಿ ಮತ್ತೆ ನನಗೆ ಬಂತು. ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಸಂಕಟವೂ ಕಾಣಿಸಿಕೊಂಡಿತು. ಕಣ್ಣು ಒಂದು ಹೇಳಿ ಒಳಗಿವಿ ಇನ್ನೊಂದು ಹೇಳುವಾಗ ಬಸ್ಸಿನಲ್ಲೂ ಹಡಗಿನಲ್ಲೂ ಬರುವ ಸಂಕಟವೇ ಇದು. ಈ ಮೂಲೆಯಲ್ಲಿ ನಿಂಬೆಹಣ್ಣಿನ ಬುಟ್ಟಿ ಇಟ್ಟ ಜಾಣೆ ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಕದಲದೆ ಕುಳಿತಿದ್ದೂ ಚಲಿಸುತ್ತಿದ್ದೇವೆ ಎನಿಸುವ ಈ ಅನುಭವವನ್ನು ಪ್ರಯೋಗಾಲಯದ ಭಾಷೆಯಲ್ಲಿ ವೆಕ್ಷನ್ ಎನ್ನುತ್ತಾರೆ, 1930ರಲ್ಲಿ ಫಿಶರ್ ಮತ್ತು ಕಾರ್ನ್‌ಮ್ಯೂಲರ್ ಆ ಹೆಸರನ್ನು ಬಳಕೆಗೆ ತಂದರು. 1973ರಲ್ಲಿ ಜರ್ಮನಿಯ ಬ್ರಾಂಟ್, ಡಿಶ್‌ಗನ್ಸ್ ಮತ್ತು ಕೋನಿಗ್ ತಿರುಗುವ ಪೀಪಾಯಿಯೊಳಗೆ ಜನರನ್ನು ಕೂರಿಸಿ, ನೋಟದ ನಡುಭಾಗಕ್ಕಿಂತ ಅಂಚಿನ ಭಾಗವೇ ಈ ಅನುಭವವನ್ನು ಹುಟ್ಟಿಸುವುದರಲ್ಲಿ ಮುಂದು ಎಂದು ಕಂಡುಕೊಂಡರು. ಇದನ್ನು ತೋರಿಸಲು ನಮಗೆ ಒಂದು ಹಳೆಯ ದಿನಪತ್ರಿಕೆ ಸಾಕಾಯಿತು. ಅದನ್ನು ಸುರುಳಿ ಸುತ್ತಿ ಒಂದು ಕಣ್ಣಿಗೆ ಹಿಡಿದು, ಇನ್ನೊಂದನ್ನು ಮುಚ್ಚಿ ನೋಡಿದವರಿಗೆ ಬಟ್ಟೆ ಬರೀ ಬಟ್ಟೆಯಾಗಿ ತಿರುಗಿತು, ಸ್ಟೂಲು ಅಲುಗಲಿಲ್ಲ. ಆದರೆ ನೋಟದ ಅಂಚೇ ಎಲ್ಲವೂ ಎಂಬ ತೀರ್ಮಾನ ಆಮೇಲೆ ತಿದ್ದುಪಡಿ ಕಂಡಿದೆ. ದೂರದಲ್ಲಿ, ಹಿನ್ನೆಲೆಯಾಗಿ ಕಾಣುವ ದೃಶ್ಯ ಚಲಿಸಿದರೆ ನೋಟದ ನಡುಭಾಗದಿಂದಲೂ ಈ ಅನುಭವ ಬರಬಲ್ಲದೆಂದು 1980ರ ದಶಕದ ಪ್ರಯೋಗಗಳು ತೋರಿಸಿದವು. ಪಠ್ಯಪುಸ್ತಕಗಳು ಹಳೆಯ ಮಾತನ್ನೇ ಹೇಳುತ್ತಿರುವುದರಿಂದ ಇದನ್ನು ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದೆ. 1998ರಲ್ಲಿ ಬ್ರಾಂಟ್ ಮತ್ತು ಸಂಗಡಿಗರು ವೆಕ್ಷನ್ ನಡೆಯುತ್ತಿರುವಾಗ ಮಿದುಳಿನ ಚಿತ್ರ ತೆಗೆದಾಗ, ದೃಷ್ಟಿಯ ಪ್ರದೇಶಗಳಲ್ಲಿ ಚಟುವಟಿಕೆ ಏರುತ್ತಿದ್ದಂತೆ ಒಳಗಿವಿಯ ಸಂಕೇತಗಳನ್ನು ಪಡೆಯುವ ಪ್ರದೇಶದಲ್ಲಿ ಅದು ಇಳಿದಿತ್ತು. ಎರಡು ವರದಿಗಳು ಹೊಂದದಿದ್ದಾಗ ಮಿದುಳು ಒಂದರ ದನಿಯನ್ನು ತಗ್ಗಿಸುತ್ತದೆ ಎಂಬುದು ಅವರ ವಿವರಣೆ.

ಸಂಸ್ಕೃತ ವಿಭಾಗದ ಹಿರಿಯರೊಬ್ಬರು ಇದನ್ನೆಲ್ಲ ನೋಡಿ, ಆರ್ಯಭಟ 499ರಲ್ಲೇ ಇದನ್ನು ಹೇಳಿದ್ದಾನೆ ಎಂದರು. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ವಸ್ತುಗಳು ಹಿಂದಕ್ಕೆ ಸರಿದಂತೆ ಕಾಣುವ ಹಾಗೆಯೇ, ನಿಂತಿರುವ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ಕಾಣುತ್ತವೆ ಎಂಬ ಆರ್ಯಭಟೀಯದ ಮಾತು ಎಲ್ಲರೂ ಬಲ್ಲದ್ದೇ. ಆದರೆ ಅದು ನಮ್ಮ ಪರದೆಯ ತಿರುವುಮುರುವು. ದೋಣಿಯವನು ಚಲಿಸುತ್ತಿದ್ದೂ ತಾನು ನಿಂತಂತೆ ಭಾವಿಸುತ್ತಾನೆ, ಸ್ಟೂಲಿನವಳು ನಿಂತಿದ್ದೂ ತಾನು ಚಲಿಸಿದಂತೆ ಭಾವಿಸುತ್ತಾಳೆ. ಎರಡರಲ್ಲೂ ಕಣ್ಣಿಗೆ ಸಿಗುವ ಮಾಹಿತಿ ಒಂದೇ, ಅಂದರೆ ನೋಡುವವನಿಗೂ ನೋಟಕ್ಕೂ ನಡುವಿನ ಸಾಪೇಕ್ಷ ಚಲನೆ. ಆರ್ಯಭಟನಿಗೆ ಬೇಕಾಗಿದ್ದದ್ದು ಭೂಮಿಯ ತಿರುಗುವಿಕೆ, ಮನುಷ್ಯನ ಅನುಭವ ಅವನಿಗೆ ಉದಾಹರಣೆ ಮಾತ್ರ. ಹೀಗೆಂದಾಗ ಹಿರಿಯರು ಒಪ್ಪಿದರೋ ಇಲ್ಲವೋ, ಸ್ಟೂಲಿನ ಮೇಲೆ ಕೂರುವುದಕ್ಕಂತೂ ಒಪ್ಪಲಿಲ್ಲ.

ಸಂಜೆ ಬಂದವರಲ್ಲಿ ಒಬ್ಬ ವಿದ್ಯಾರ್ಥಿಯ ತಂದೆಯೂ ಇದ್ದರು. ಗರಡಿ ಮನೆಯಲ್ಲಿ ಪಳಗಿದ ಪೈಲ್ವಾನರು. "ಬಟ್ಟೆ ಅಲ್ಲಾಡಿದ್ರೆ ನಾವ್ಯಾಕೆ ಅಲ್ಲಾಡ್ಬೇಕ್ರಿ?" ಎಂದು ನಗುತ್ತಲೇ ಒಳಗೆ ಹೋಗಿ ಕಾಲು ಅಗಲಿಸಿ ನಿಂತರು. ನಿಜಕ್ಕೂ ಅವರಲ್ಲಿ ಕಣ್ಣಿಗೆ ಕಾಣುವಂಥ ಓಲಾಟವಿರಲಿಲ್ಲ. ಒಂಟಿ ಕಾಲಿನ ಮೇಲೆ ನಿಲ್ಲಲು ಕೇಳಿಕೊಂಡೆವು. ಬಟ್ಟೆ ಸುಮ್ಮನಿದ್ದಾಗ ಕಂಬದಂತಿದ್ದವರು, ಬಟ್ಟೆ ಸರಿದಾಗ ಎತ್ತಿದ ಕಾಲನ್ನು ನೆಲಕ್ಕಿಟ್ಟರು, ಎರಡನೆಯ ಸಲವೂ ಇಟ್ಟರು. ಅವರ ಮಗ ನಗಲು ಧೈರ್ಯ ಮಾಡಲಿಲ್ಲ. ಲೀ ಮತ್ತು ಲಿಶ್ಮನ್ 1975ರಲ್ಲಿ ವಯಸ್ಕರ ಮೇಲೆ ನಡೆಸಿದ ಪ್ರಯೋಗಗಳು ಹೇಳುವುದೂ ಇದನ್ನೇ. ಕೋಣೆ ಕೆಲವೇ ಮಿಲಿಮೀಟರುಗಳಷ್ಟು ಸರಿದರೂ ವಯಸ್ಕರ ದೇಹ ಅದಕ್ಕೆ ತಕ್ಕಂತೆ ಓಲುತ್ತದೆ, ಮತ್ತು ನಿಲ್ಲುವ ಭಂಗಿ ಕಷ್ಟದ್ದಾದಷ್ಟೂ ಕಣ್ಣಿನ ಹಿಡಿತ ಬಲವಾಗುತ್ತದೆ.

ಬರಿಗಣ್ಣಿಗೆ ಕಾಣದ ಆ ಓಲಾಟವನ್ನು ಹಿಡಿಯುವ ಉಪಾಯ ಭೌತಶಾಸ್ತ್ರದ ಸಹೋದ್ಯೋಗಿಯದು. ನಮ್ಮ ಚೌಕಟ್ಟಿಗೆ ಹಿಂಭಾಗದ ಗೋಡೆಯಿಲ್ಲ. ಆದ್ದರಿಂದ ನಿಂತವರ ಸೊಂಟದ ಬೆಲ್ಟಿಗೆ ಹಿಂದಕ್ಕೆ ಚಾಚಿದ ತೆಳುಕಡ್ಡಿಯನ್ನು ಕಟ್ಟಿ, ಅದರ ತುದಿಯ ಸ್ಕೆಚ್ ಪೆನ್ನು ಹಿಂದಿನ ಮೇಜಿನ ಮೇಲಿನ ಕಾಗದಕ್ಕೆ ತಾಗುವಂತೆ ಮಾಡಿದರು. ಕಣ್ಣು ತೆರೆದು, ಬಟ್ಟೆ ನಿಂತಿರುವಾಗ ಬಿದ್ದದ್ದು ಸಣ್ಣ ಗೀಚು. ಕಣ್ಣು ಮುಚ್ಚಿದಾಗ ಗೀಚು ಹರಡಿಕೊಂಡಿತು. ಪಾದ ಜೋಡಿಸಿ ಕಣ್ಣು ಮುಚ್ಚಿಸುವ ಈ ಪರೀಕ್ಷೆಯನ್ನು ಹತ್ತೊಂಬತ್ತನೆಯ ಶತಮಾನದ ವೈದ್ಯ ರಾಂಬರ್ಗ್ ಹೆಸರಿನಲ್ಲಿ ನರರೋಗದ ವೈದ್ಯರು ಇಂದಿಗೂ ಮಾಡಿಸುತ್ತಾರೆ. ಬಟ್ಟೆ ಸರಿದಾಡುವಾಗ ಮಾತ್ರ ಗೀಚು ಹಗ್ಗ ಎಳೆದ ದಿಕ್ಕಿನಲ್ಲೇ ಉದ್ದವಾಯಿತು, ಪೈಲ್ವಾನರು ಎರಡೂ ಕಾಲಿನ ಮೇಲೆ ನಿಂತಾಗಿನ ಗೀಚು ಕೂಡ.

ಒಬ್ಬ ಹುಡುಗಿಯ ಕಾಗದ ಮಾತ್ರ ಬೇರೆಯಾಗಿತ್ತು. ಬಟ್ಟೆಯನ್ನು ಎಷ್ಟು ಸರಿಸಿದರೂ ಅವಳ ಗೀಚು ಹಾಗೆಯೇ ಸಣ್ಣದಾಗಿ ಉಳಿಯಿತು. ತಿರುಗುವ ಪರದೆಯೊಳಗೂ ಅವಳಿಗೆ ಬಟ್ಟೆ ತಿರುಗಿತೇ ಹೊರತು ಸ್ಟೂಲು ತಿರುಗಲಿಲ್ಲ. ವೆಕ್ಷನ್ ಎಲ್ಲರಿಗೂ ಒಂದೇ ಬಲದಲ್ಲಿ ಬರುವುದಿಲ್ಲವೆಂಬುದು ಸಂಶೋಧಕರಿಗೆ ತಿಳಿದ ವಿಷಯ. ಭರತನಾಟ್ಯ ಕಲಿಯುತ್ತಿರುವುದರಿಂದ ಹೀಗಿರಬಹುದೆಂದು ಗೆಳತಿಯರು ಹೇಳಿದರು, ನನಗೆ ಅದು ಅವಸರದ ಉತ್ತರವೆನಿಸಿತು. ಮೆತ್ತನೆಯ ನೆಲೆಯ ಮೇಲೆ ನಿಂತಾಗ ಪಾದ ಕೊಡುವ ವರದಿ ಮಸುಕಾಗಿ ಕಣ್ಣಿಗೆ ಹೆಚ್ಚು ಕೆಲಸ ಬೀಳುವುದರಿಂದ, ಚೌಕಟ್ಟನ್ನು ಬಿಚ್ಚುವ ಮುನ್ನ ಅವಳನ್ನು ದಪ್ಪ ಸ್ಪಂಜಿನ ತುಂಡಿನ ಮೇಲೆ ನಿಲ್ಲಿಸಿ ನೋಡುವುದೆಂದು ತೀರ್ಮಾನಿಸಿದೆವು. ಶಾಮಿಯಾನದ ಅಂಗಡಿಯವರು ಇನ್ನೊಂದು ದಿನದ ಬಾಡಿಗೆಗೆ ಒಪ್ಪಿದ್ದಾರೆ.