ಪೆನ್‌ಡ್ರೈವ್‌ಗೆ ಯಾವಾಗ್ಲೂ ಒಂದೇ ಡ್ರೈವ್ ಲೆಟರ್ ಬೇಕಾ? ಸ್ಕ್ರಿಪ್ಟ್ ಬರ್ಕೊಳ್ಳಿ

ವಿಂಡೋಸ್‌ನಲ್ಲಿ ಬ್ಯಾಕಪ್‌ಗೆ ಅಂತ ಒಂದು ಬ್ಯಾಚ್ ಫೈಲ್ (ಒಂದಾದ್ಮೇಲೊಂದು ಓಡೋ ಕಮಾಂಡ್‌ಗಳ ಪಟ್ಟಿ) ಬರೆದಿಟ್ಕೊಂಡೋರಿಗೆಲ್ಲ ಈ ತಲೆನೋವು ಗೊತ್ತಿರತ್ತೆ. ನಿನ್ನೆವರೆಗೂ ಇ ಅನ್ನೋ ಡ್ರೈವ್ ಲೆಟರ್ ತೋರಿಸ್ತಿದ್ದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇವತ್ತು ಜಿ ಆಗಿ ಕೂತಿರತ್ತೆ, ಇ ಜಾಗದಲ್ಲಿ ಯಾರದೋ ಪೆನ್‌ಡ್ರೈವ್ ಇರತ್ತೆ. ಶಾರ್ಟ್‌ಕಟ್ ಓಪನ್ ಆಗ್ಲಿಲ್ಲ, ಪ್ಲೇಲಿಸ್ಟ್‌ನಲ್ಲಿ ಹಾಡು ಸಿಗ್ಲಿಲ್ಲ, ಫೋಟೋ ಕ್ಯಾಟಲಾಗ್ ಪ್ರಶ್ನಾರ್ಥಕ ಚಿಹ್ನೆ ತೋರಿಸ್ತು, ಇಷ್ಟೇ ಆದ್ರೆ ಬೇಜಾರು ಮಾಡ್ಕೊಂಡು ಸುಮ್ನಾಗ್ಬಹುದು. ಆದ್ರೆ ರೋಬೋಕಾಪಿ ಅನ್ನೋ ವಿಂಡೋಸ್‌ನ ಕಾಪಿ ಕಮಾಂಡ್‌ಗೆ ಮಿರರ್ ಆಪ್ಷನ್ ಹಾಕಿ ಇ ಡ್ರೈವ್‌ಗೆ ಕಾಪಿ ಮಾಡು ಅಂತ ಬರೆದಿಟ್ಟಿದ್ರೆ ಕಥೆ ಮುಗೀತು. ಮಿರರ್ ಅಂದ್ರೆ ಈ ಕಡೆ ಇಲ್ಲದ್ದನ್ನ ಆ ಕಡೆಯಿಂದ ಅಳಿಸೋದೂ ಅದ್ರಲ್ಲೇ ಸೇರಿದೆ, ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗಲ್ಲ, ಪಾಪ ಆ ಪೆನ್‌ಡ್ರೈವ್‌ನವರ ಫೈಲೆಲ್ಲ ಹೋಯ್ತು ಅಂತಾನೇ ಲೆಕ್ಕ.

ಹೀಗ್ಯಾಕಾಗತ್ತೆ ಅಂದ್ರೆ, ಡ್ರೈವ್ ಲೆಟರ್ ಅನ್ನೋದು ಪೆನ್‌ಡ್ರೈವ್ ಒಳಗೆ ಎಲ್ಲೂ ಬರೆದಿರಲ್ಲ. ತುಂಬ ಜನ ಅದು ಡ್ರೈವ್ ಜೊತೆಗೇ ಓಡಾಡತ್ತೆ ಅಂದ್ಕೊಂಡಿರ್ತಾರೆ. ಅದು ಕಂಪ್ಯೂಟರ್‌ನ ಲೆಕ್ಕ, ಆಯಾ ಕಂಪ್ಯೂಟರ್ ತನ್ನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್ಸ್ ಇಟ್ಕೊಳ್ಳೋ ಜಾಗ) ಬರ್ಕೊಂಡಿರತ್ತೆ. ರಿಜಿಸ್ಟ್ರಿ ಎಡಿಟರ್ ತೆಗೆದು ಲೋಕಲ್ ಮಷೀನ್, ಸಿಸ್ಟಮ್, ಅದರೊಳಗೆ ಮೌಂಟೆಡ್ ಡಿವೈಸಸ್ ಅನ್ನೋ ಕೀಗೆ ಹೋಗಿ ನೋಡಿ (ನೋಡೋದಷ್ಟೇ, ಕೈ ಹಾಕ್ಬೇಡಿ). ಡಾಸ್ ಡಿವೈಸಸ್ ಅಂತ ಶುರುವಾಗಿ ಸಿ, ಡಿ, ಇ ಅಂತ ಕೊನೆಯಾಗೋ ಸಾಲುಗಳು ಕಾಣ್ಸತ್ತೆ. ಎಮ್‌ಬಿಆರ್ (ಡಿಸ್ಕ್‌ನ ಭಾಗಗಳ ಅಂದ್ರೆ ಪಾರ್ಟಿಶನ್‌ಗಳ ಪಟ್ಟಿ ಇಡೋ ಹಳೇ ಪದ್ಧತಿ) ಇರೋ ಮಾಮೂಲಿ ಹಾರ್ಡ್‌ಡಿಸ್ಕ್ ಆದ್ರೆ ಎದುರಿಗೆ ಬರೀ 12 ಬೈಟ್ ಇರತ್ತೆ, ಮೊದಲ 4 ಬೈಟ್ ಡಿಸ್ಕ್ ಸಿಗ್ನೇಚರ್ ಅನ್ನೋ ಗುರುತಿನ ನಂಬರ್, ಉಳಿದ 8 ಬೈಟ್ ಆ ಪಾರ್ಟಿಶನ್ ಡಿಸ್ಕ್‌ನಲ್ಲಿ ಎಲ್ಲಿಂದ ಶುರುವಾಗತ್ತೆ ಅನ್ನೋ ಲೆಕ್ಕ. ಪೆನ್‌ಡ್ರೈವ್ ಸಾಲು ಹಾಗಿರಲ್ಲ, ಉದ್ದಕ್ಕಿರತ್ತೆ, ಡಬಲ್ ಕ್ಲಿಕ್ ಮಾಡಿದ್ರೆ ಬಲಗಡೆ ಕಾಲಮ್‌ನಲ್ಲಿ ಯುಎಸ್‌ಬಿಸ್ಟೋರ್ ಅಂತ ಶುರುವಾಗಿ ಕಂಪನಿ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಎಲ್ಲ ಒಂದೊಂದು ಅಕ್ಷರದ ಮಧ್ಯ ಒಂದೊಂದು ಚುಕ್ಕಿ ಇಟ್ಕೊಂಡು ಕಾಣ್ಸತ್ತೆ. ಒಂದು ಅಕ್ಷರಕ್ಕೆ ಎರಡು ಬೈಟ್, ಅದಕ್ಕೇ ಆ ಚುಕ್ಕಿ.

ಒಂದು ಲೆಟರ್‌ಗೆ ಅಲ್ಲಿ ಒಂದೇ ಸಾಲು. ನಿಮ್ಮ ಪೆನ್‌ಡ್ರೈವ್ ಹೊರಗಿದ್ದಾಗ ಬೇರೆಯದು ಬಂದು ಇ ತಗೊಂಡ್ರೆ ಆ ಸಾಲಲ್ಲಿ ಹೊಸದರ ಹೆಸರು ಕೂರತ್ತೆ, ಹಳೇದರ ಹೆಸರು ಹೋಗತ್ತೆ, ಮುಂದಿನ ಸಲ ನಿಮ್ದು ಬಂದಾಗ ಖಾಲಿ ಇರೋದು ಯಾವ್ದೋ ಅದು ಸಿಗತ್ತೆ.

ಇನ್ನೊಂದು ತಮಾಷೆ ಇದೆ. ಕೆಲವು ಅಗ್ಗದ ಪೆನ್‌ಡ್ರೈವ್‌ಗಳಿಗೆ ಸೀರಿಯಲ್ ನಂಬರೇ ಇರಲ್ಲ. ಆಗ ವಿಂಡೋಸ್ ತಾನೇ ಒಂದು ಐಡಿ ಮಾಡ್ಕೊಳ್ಳತ್ತೆ, ಆ ಐಡಿಯಲ್ಲಿ ಯಾವ ಪೋರ್ಟ್‌ಗೆ ಚುಚ್ಚಿದ್ದೀರ ಅನ್ನೋದೂ ಸೇರಿರತ್ತೆ. ಅದಕ್ಕೇ ಅದೇ ಪೆನ್‌ಡ್ರೈವ್‌ನ ಮುಂದಿನ ಪೋರ್ಟ್ ಬಿಟ್ಟು ಹಿಂದಿನ ಪೋರ್ಟ್‌ಗೆ ಹಾಕಿದ್ರೆ ವಿಂಡೋಸ್‌ಗೆ ಅದು ಹೊಚ್ಚ ಹೊಸ ಡಿವೈಸ್. ನಿಮ್ದು ಆ ಜಾತಿದಾ ಅಂತ ನೋಡೋಕೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿವೈಸ್ ಇನ್‌ಸ್ಟೆನ್ಸ್ ಪಾತ್ ತೆಗೀರಿ, ಯುಎಸ್‌ಬಿ ಸಾಲಿನ ಕೊನೇ ಭಾಗದಲ್ಲಿ ಎರಡನೇ ಅಕ್ಷರ ಆಂಪರ್ಸ್ಯಾಂಡ್ ಆಗಿದ್ರೆ ಆ ಐಡಿ ವಿಂಡೋಸ್ ಕಟ್ಟಿದ್ದು, ಕಂಪನಿ ಕೊಟ್ಟಿದ್ದಲ್ಲ.

ಸ್ಕ್ರಿಪ್ಟ್ ಬರೆಯೋಕೆ ಮುಂಚೆ ಒಂದು ಮಾತು, ಒಂದೇ ಕಂಪ್ಯೂಟರ್, ಒಂದೇ ಹಾರ್ಡ್‌ಡಿಸ್ಕ್ ಆದ್ರೆ ಸ್ಕ್ರಿಪ್ಟೇ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ರೈಟ್ ಕ್ಲಿಕ್ ಮಾಡಿ ಲೆಟರ್ ಬದಲಾಯಿಸಿ, ಆದ್ರೆ ಇ, ಎಫ್ ಥರದ್ದು ಕೊಡ್ಬೇಡಿ, ವಿಂಡೋಸ್ ಹೊಸದಕ್ಕೆ ಲೆಟರ್ ಹಂಚೋದು ಮೊದಲಿಂದ, ಹಾಗಾಗಿ ಆ ತುದಿಯಿಂದ ಆರಿಸ್ಕೊಳ್ಳಿ, ಟಿ, ಯು, ಎಕ್ಸ್ ಹೀಗೆ. ಅಷ್ಟು ದೂರ ಬೇರೆ ಪೆನ್‌ಡ್ರೈವ್ ಬರೋದೇ ಕಡಿಮೆ, ಎಷ್ಟೋ ಜನರ ಸಮಸ್ಯೆ ಇಲ್ಲಿಗೇ ಮುಗಿಯತ್ತೆ. ಆಫೀಸ್ ಮಷೀನ್ ಆದ್ರೆ ನೆಟ್‌ವರ್ಕ್ ಡ್ರೈವ್‌ಗಳೂ ಈ ಕಡೇ ಲೆಟರ್‌ಗಳಲ್ಲೇ ಮ್ಯಾಪ್ ಆಗಿರತ್ವೆ, ಡಿಕ್ಕಿ ಹೊಡೀದಿರೋ ಹಾಗೆ ನೋಡ್ಕೊಂಡು ಕೊಡಿ.

ಸ್ಕ್ರಿಪ್ಟ್ ಬೇಕಾಗೋದು ಕಂಪ್ಯೂಟರ್ ಜಾಸ್ತಿ ಇದ್ದಾಗ, ಇಲ್ಲಾ ಬ್ಯಾಕಪ್‌ಗೆ ಎರಡು ಮೂರು ಡಿಸ್ಕ್ ಸರದಿ ಮೇಲೆ ಬಳಸ್ತಿದ್ದು ಯಾವ್ದು ಹಾಕಿದ್ರೂ ಅದೇ ಲೆಟರ್ ಬರ್ಬೇಕು ಅಂದಾಗ.

ಹುಡುಕಿದ್ರೆ ಎಲ್ಲಾ ಕಡೆ ಮೊದಲು ಸಿಗೋದು ಡಿಸ್ಕ್‌ಪಾರ್ಟ್ (ಡಿಸ್ಕ್, ಪಾರ್ಟಿಶನ್ ನೋಡ್ಕೊಳ್ಳೋ ವಿಂಡೋಸ್ ಕಮಾಂಡ್) ಸ್ಕ್ರಿಪ್ಟ್. ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಸೆಲೆಕ್ಟ್ ವಾಲ್ಯೂಮ್ 4, ಮುಂದಿನ ಸಾಲಲ್ಲಿ ಅಸೈನ್ ಲೆಟರ್ ಈಕ್ವಲ್ ಟು ಯು, ಅದನ್ನ ಡಿಸ್ಕ್‌ಪಾರ್ಟ್‌ಗೆ ಸ್ಲ್ಯಾಶ್ ಎಸ್ ಹಾಕಿ ಕೊಡೋದು. ಕೆಲಸ ಮಾಡತ್ತೆ, ಇಲ್ಲ ಅನ್ನಲ್ಲ, ಆದ್ರೆ ನಂಗೆ ಈ ದಾರಿ ಸ್ವಲ್ಪಾನೂ ಇಷ್ಟ ಇಲ್ಲ. ಆ 4 ಅನ್ನೋ ನಂಬರ್ ಪರ್ಮನೆಂಟ್ ಅಲ್ಲ, ಒಂದು ಕಾರ್ಡ್ ರೀಡರ್ ಹಾಕಿ ರೀಸ್ಟಾರ್ಟ್ ಮಾಡಿದ್ರೆ ನಿನ್ನೆ 4 ಆಗಿದ್ದು ಇವತ್ತು 6 ಆಗಿರ್ಬಹುದು. ಲೆಟರ್ ಬದಲಾಗತ್ತೆ ಅಂತ ಅಳ್ತಾ ಅದಕ್ಕಿಂತ ಬೇಗ ಬದಲಾಗೋ ನಂಬರ್ ಹಿಡ್ಕೊಂಡ್ರೆ ಏನು ಬಂತು? ಮೇಲಾಗಿ ಅದೇ ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಅಂತ ಒಂದು ಕಮಾಂಡ್ ಇದೆ, ಇನ್ಯಾರೋ ಬಂದು ಆ ಫೈಲ್‌ಗೆ ಒಂದು ಸಾಲು ಸೇರಿಸಿದ್ರೆ ಇಡೀ ಡಿಸ್ಕ್‌ನ ಪಾರ್ಟಿಶನ್ ಟೇಬಲ್ ಹೋಯ್ತು, ಕೇಳೋದೂ ಇಲ್ಲ.

ಎರಡನೇದು ಮೌಂಟ್‌ವಾಲ್ ಅನ್ನೋ ಕಮಾಂಡ್. ಇದು ವಾಲ್ಯೂಮ್‌ನ ಜಿಯುಐಡಿ ಅಂತ ಒಂದು ಉದ್ದದ ಹೆಸರು ಹಿಡ್ಕೊಂಡು ಲೆಟರ್ ಕೊಡತ್ತೆ, ಡಿಸ್ಕ್‌ಪಾರ್ಟ್‌ಗಿಂತ ಎಷ್ಟೋ ವಾಸಿ. ಆದ್ರೆ ಪೆನ್‌ಡ್ರೈವ್ ವಿಷಯದಲ್ಲಿ ಆ ಹೆಸರನ್ನೂ ಆಯಾ ಕಂಪ್ಯೂಟರೇ ಇಡೋದು, ಈ ಮಷೀನ್‌ನಲ್ಲಿ ಬರ್ಕೊಂಡ ಜಿಯುಐಡಿ ಆ ಮಷೀನ್‌ನಲ್ಲಿ ನಡೆಯಲ್ಲ.

ಹಾಗಾದ್ರೆ ಡ್ರೈವ್ ಜೊತೆಗೇ ಓಡಾಡೋ ಗುರುತು ಯಾವ್ದು? ವಾಲ್ಯೂಮ್ ಲೇಬಲ್, ಅಂದ್ರೆ ನಾವೇ ಇಡೋ ಹೆಸರು. ಫ್ಯಾಟ್32 ಮತ್ತೆ ಎಕ್ಸ್‌ಫ್ಯಾಟ್‌ನಲ್ಲಿ 11 ಅಕ್ಷರದವರೆಗೆ, ಎನ್‌ಟಿಎಫ್‌ಎಸ್‌ನಲ್ಲಿ 32ರವರೆಗೆ ಇಡ್ಬಹುದು. ಬ್ಯಾಕಪ್ ಅಂತ ಸಪ್ಪೆಯಾಗಿ ಇಡ್ಬೇಡಿ, ಅದೇ ಹೆಸರು ಇನ್ನೊಬ್ಬರದ್ದೂ ಇರತ್ತೆ, ಏನಾದ್ರೂ ವಿಚಿತ್ರವಾದ್ದು ಇಡಿ. ಲೇಬಲ್ ಇಟ್ಟಾದ್ಮೇಲೆ ಪವರ್‌ಶೆಲ್‌ನಲ್ಲಿ (ವಿಂಡೋಸ್‌ನಲ್ಲಿ ಕಮಾಂಡ್, ಸ್ಕ್ರಿಪ್ಟ್ ಓಡಿಸೋ ಟೂಲ್) ಕೆಲಸ ಒಂದೇ ಸಾಲು. ಗೆಟ್-ವಾಲ್ಯೂಮ್‌ಗೆ ಫೈಲ್‌ಸಿಸ್ಟಮ್‌ಲೇಬಲ್ ಅಂತ ಹೇಳಿ ಹೆಸರು ಕೊಡೋದು, ಒಂದು ಪೈಪ್ ಹಾಕಿ ಗೆಟ್-ಪಾರ್ಟಿಶನ್, ಇನ್ನೊಂದು ಪೈಪ್ ಹಾಕಿ ಸೆಟ್-ಪಾರ್ಟಿಶನ್, ಅದಕ್ಕೆ ನ್ಯೂಡ್ರೈವ್‌ಲೆಟರ್ ಯು. ವಾಲ್ಯೂಮ್ ಹುಡುಕು, ಅದ್ರ ಪಾರ್ಟಿಶನ್ ಹಿಡಿ, ಲೆಟರ್ ಬದಲಾಯ್ಸು, ಅಷ್ಟೇ. ಇದು ವಿಂಡೋಸ್ 8ರಿಂದ ಈಚೆಗೆ ಇದೆ, ಇನ್ನೂ ವಿಂಡೋಸ್ 7 ಓಡಿಸ್ತಿರೋರು ಡಬ್ಲ್ಯುಎಮ್‌ಐನಲ್ಲಿ (ಸ್ಕ್ರಿಪ್ಟ್‌ನಿಂದ ವಿಂಡೋಸ್‌ನ ವಿವರ ನೋಡೋ, ಬದಲಾಯಿಸೋ ವ್ಯವಸ್ಥೆ) ವಿನ್32 ವಾಲ್ಯೂಮ್ ಅನ್ನೋ ಕ್ಲಾಸ್ ತಗೊಂಡು ಅದ್ರ ಡ್ರೈವ್‌ಲೆಟರ್ ಪ್ರಾಪರ್ಟಿಗೆ ಹೊಸ ಲೆಟರ್ ಬರೆದ್ರೂ ಆಗತ್ತೆ, ಅಲ್ಲಿ ಮಾತ್ರ ಲೆಟರ್ ಆದ್ಮೇಲೆ ಕೋಲನ್ ಬೇಕು. ಯಾವ ದಾರಿ ಹಿಡಿದ್ರೂ ಅಡ್ಮಿನ್ ಆಗಿ ಓಡಿಸ್ಬೇಕು, ಇಲ್ದಿದ್ರೆ ಆಕ್ಸೆಸ್ ಡಿನೈಡ್.

ಒಂದೇ ಸಾಲು ಅಂದೆ, ನಿಜವಾಗಿ ಬಳಸೋಕೆ ಸುತ್ತ ಇನ್ನೂ ನಾಲ್ಕು ಸಾಲು ಬೇಕು. ಆ ಡ್ರೈವ್‌ಗೆ ಈಗಾಗ್ಲೇ ಯು ಇದ್ರೆ ಸುಮ್ನೆ ವಾಪಸ್ ಬರ್ಬೇಕು, ಇಲ್ದಿದ್ರೆ ಪವರ್‌ಶೆಲ್ ಆ ಪಾತ್ ಆಗ್ಲೇ ಬಳಕೆಯಲ್ಲಿದೆ ಅಂತ ಕೆಂಪಕ್ಷರದಲ್ಲಿ ಕಿರುಚತ್ತೆ. ಯು ಬೇರೆ ಡ್ರೈವ್ ಹತ್ರ ಇದ್ರೂ ಅದೇ ಎರರ್, ಆಗ ಮೊದಲು ಅದನ್ನ ಬೇರೆ ಲೆಟರ್‌ಗೆ ಕಳಿಸ್ಬೇಕಾ ಅಥ್ವಾ ಸ್ಕ್ರಿಪ್ಟ್ ನಿಲ್ಲಿಸ್ಬೇಕಾ ಅನ್ನೋದು ನಿಮ್ಮಿಷ್ಟ. ನಾನಾದ್ರೆ ನಿಲ್ಲಿಸ್ತೀನಿ, ಅದರ ಮೇಲೆ ಯಾರಾದ್ರೂ ಫೈಲ್ ಓಪನ್ ಮಾಡ್ಕೊಂಡಿದ್ರೆ ಕಾಲಡಿಯ ಚಾಪೆ ಎಳೆದ ಹಾಗಾಗತ್ತೆ. ಒಂದೇ ಲೇಬಲ್ ಇರೋ ಎರಡು ಡ್ರೈವ್ ಒಟ್ಟಿಗೇ ಸಿಕ್ಕಿದ್ರೂ ನಿಲ್ಲಿಸಿ. ಲೇಬಲ್ ಮೇಲೆ ನಂಬಿಕೆ ಇಲ್ಲ ಅನ್ನೋರು ಗೆಟ್-ಡಿಸ್ಕ್ ಕೊಡೋ ಸೀರಿಯಲ್‌ನಂಬರ್‌ನೂ ಜೊತೆಗೆ ಹೋಲಿಸಿ ನೋಡ್ಬಹುದು, ಫಾರ್ಮ್ಯಾಟ್ ಮಾಡಿದ್ರೂ ಅದು ಬದಲಾಗಲ್ಲ. ಸರದಿ ಮೇಲೆ ಮೂರು ಡಿಸ್ಕ್ ಬಳಸೋರು ಮೂರೂ ಸೀರಿಯಲ್ ಒಂದು ಲಿಸ್ಟ್‌ನಲ್ಲಿಟ್ಟು ಅದ್ರಲ್ಲಿ ಇದ್ಯಾ ಅಂತ ಚೆಕ್ ಮಾಡಿದ್ರೆ ಆಯ್ತು.

ಈಗ ಇದನ್ನ ತಾನಾಗೇ ಓಡಿಸೋದು ಹೇಗೆ. ಪೆನ್‌ಡ್ರೈವ್‌ನಲ್ಲೇ ಆಟೋರನ್ ಫೈಲ್ (ಚುಚ್ಚಿದ ತಕ್ಷಣ ಪ್ರೋಗ್ರಾಮ್ ಓಡ್ಸೋ ಫೈಲ್) ಇಟ್ರೆ ಆಗಲ್ವಾ ಅಂತ ಕೇಳೋರು ಈಗ್ಲೂ ಇದ್ದಾರೆ, ಆಗಲ್ಲ. ಕಾನ್‌ಫಿಕರ್ ಥರದ ವರ್ಮ್‌ಗಳು ಅದೇ ದಾರೀಲಿ ಹರಡಿದ್ಮೇಲೆ ವಿಂಡೋಸ್ 7ರಲ್ಲೇ ಅದನ್ನ ಮುಚ್ಚಿದ್ರು, 2011ರಲ್ಲಿ ಎಕ್ಸ್‌ಪಿ, ವಿಸ್ತಾಗೂ ಅಪ್‌ಡೇಟ್ ಕೊಟ್ಟು ಮುಚ್ಚಿದ್ರು. ಒಳ್ಳೇದೇ ಆಯ್ತು ಬಿಡಿ.

ಹಾಗಾಗಿ ಕೆಲಸ ಕಂಪ್ಯೂಟರ್ ಕಡೆಯಿಂದಾನೇ ಆಗ್ಬೇಕು, ಅದಕ್ಕೆ ಟಾಸ್ಕ್ ಶೆಡ್ಯೂಲರ್, ಹೇಳಿದ ಸಂದರ್ಭ ಬಂದಾಗ ಪ್ರೋಗ್ರಾಮ್ ಓಡಿಸೋ ವಿಂಡೋಸ್ ಟೂಲ್. ಟ್ರಿಗರ್‌ನಲ್ಲಿ ‘ಆನ್ ಆ್ಯನ್ ಇವೆಂಟ್’ ಆರಿಸಿ. ಎಷ್ಟೋ ಕಡೆ ಡ್ರೈವರ್ ಫ್ರೇಮ್‌ವರ್ಕ್ಸ್ ಯೂಸರ್‌ಮೋಡ್ ಲಾಗ್‌ನ 2003ನೇ ಇವೆಂಟ್ ಹಿಡೀರಿ ಅಂತ ಬರೆದಿರ್ತಾರೆ, ಆದ್ರೆ ಈಗಿನ ವಿಂಡೋಸ್‌ನಲ್ಲಿ ಆ ಲಾಗ್ ಡಿಫಾಲ್ಟಾಗಿ ಆಫ್ ಇರತ್ತೆ, ಇವೆಂಟ್ ವ್ಯೂವರ್‌ಗೆ ಹೋಗಿ ಎನೇಬಲ್ ಮಾಡದೆ ಏನೂ ನಡೆಯಲ್ಲ. ವಿಂಡೋಸ್ 10, 11ರಲ್ಲಿ ನಂಗೆ ಹಿಡಿಸಿದ್ದು ಮೈಕ್ರೋಸಾಫ್ಟ್ ವಿಂಡೋಸ್ ಪಾರ್ಟಿಶನ್ ಡಯಾಗ್ನೋಸ್ಟಿಕ್ ಅನ್ನೋ ಲಾಗ್‌ನ 1006ನೇ ಇವೆಂಟ್. ಇದು ಡಿಸ್ಕ್ ಬಂದಾಗ್ಲೂ ಬೀಳತ್ತೆ, ಕಿತ್ತಾಗ್ಲೂ ಬೀಳತ್ತೆ, ಅದಕ್ಕೇ ನಿಮ್ಮ ಲೇಬಲ್ ಸಿಗ್ಲಿಲ್ಲ ಅಂದ್ರೆ ಸ್ಕ್ರಿಪ್ಟ್ ಗಲಾಟೆ ಮಾಡ್ದೆ ಮುಗೀಬೇಕು. ಇವೆಂಟ್ ಬಿದ್ದ ಕ್ಷಣಕ್ಕೆ ವಾಲ್ಯೂಮ್ ಇನ್ನೂ ರೆಡಿ ಇಲ್ದೇನೂ ಇರ್ಬಹುದು, ನಿಧಾನದ ಹಾರ್ಡ್‌ಡಿಸ್ಕ್ ಆದ್ರಂತೂ ತಿರುಗಿ ಎದ್ದೇಳೋಕೇ ಟೈಮ್ ತಗೊಳ್ಳತ್ತೆ, ಹಾಗಾಗಿ ಒಂದು ಲೂಪ್ ಹಾಕಿ ಒಂದೊಂದು ಸೆಕೆಂಡ್ ಕಾದು ಒಂದು ಹತ್ತು ಸಲ ಹುಡುಕ್ಲಿ, ಆಮೇಲೂ ಸಿಗ್ಲಿಲ್ಲ ಅಂದ್ರೆ ಬಿಟ್ಬಿಡ್ಲಿ.

ಟಾಸ್ಕ್‌ನ ಆಕ್ಷನ್‌ನಲ್ಲಿ ಪವರ್‌ಶೆಲ್‌ಗೆ ಎಕ್ಸಿಕ್ಯೂಶನ್‌ಪಾಲಿಸಿ ಬೈಪಾಸ್ ಅಂತ ಕೊಟ್ಟು ಫೈಲ್ ಪಾತ್ ಕೊಡಿ, ರನ್ ವಿತ್ ಹೈಯೆಸ್ಟ್ ಪ್ರಿವಿಲೆಜಸ್ ಟಿಕ್ ಮಾಡಿ. ಆ ಸ್ಕ್ರಿಪ್ಟ್ ಫೈಲ್ ಇಡೋ ಫೋಲ್ಡರ್‌ಗೆ ಬೇರೆ ಯೂಸರ್‌ಗಳು ಬರೆಯೋ ಹಾಗಿರ್ಬಾರ್ದು, ಅಡ್ಮಿನ್ ಹಕ್ಕಲ್ಲಿ ಓಡೋ ಫೈಲ್ ಅದು. ಆಮೇಲೆ ಎಲ್ಲರೂ ಮಿಸ್ ಮಾಡೋ ಜಾಗ, ಕಂಡಿಷನ್ಸ್ ಟ್ಯಾಬ್. ಅಲ್ಲಿ ಕಂಪ್ಯೂಟರ್ ಎಸಿ ಪವರ್‌ನಲ್ಲಿದ್ರೆ ಮಾತ್ರ ಟಾಸ್ಕ್ ಶುರು ಮಾಡು ಅನ್ನೋದು ಮೊದಲಿಂದಾನೇ ಟಿಕ್ ಆಗಿರತ್ತೆ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿದ್ದಾಗ ಎಲ್ಲ ಚೆನ್ನಾಗಿ ನಡೆದು, ಬ್ಯಾಟರಿಯಲ್ಲಿದ್ದಾಗ ಮಾತ್ರ ಲೆಟರ್ ಬದಲಾಗ್ತಿಲ್ಲ ಅಂತ ಸ್ಕ್ರಿಪ್ಟ್‌ನಲ್ಲಿ ತಪ್ಪು ಹುಡುಕ್ತಾ ಕೂತ್ರೆ ಸಿಗಲ್ಲ, ತಪ್ಪು ಇರೋದು ಆ ಟಿಕ್‌ನಲ್ಲಿ.

ಇಷ್ಟೆಲ್ಲ ರಗಳೆ ಬೇಡ ಅನ್ನೋರಿಗೆ ಯುಎಸ್‌ಬಿಡಿಎಲ್‌ಎಮ್ ಅಂತ ಒಂದು ಸಣ್ಣ ಟೂಲ್ ಇದೆ, ಸರ್ವಿಸ್ ಆಗಿ ಕೂತು ಇದೇ ಕೆಲಸ ಮಾಡತ್ತೆ, ನಿಯಮಗಳನ್ನ ಒಂದು ಐಎನ್‌ಐ ಫೈಲ್‌ನಲ್ಲಿ ಬರೆದ್ರಾಯ್ತು.

ಆದ್ರೆ ಒಂದು ಪ್ರಶ್ನೆ ನಿಮ್ಮನ್ನೇ ಕೇಳ್ಕೊಳ್ಳಿ, ನಿಮ್ಮ ಸ್ಕ್ರಿಪ್ಟ್‌ಗೆ ನಿಜವಾಗ್ಲೂ ಲೆಟರ್ ಬೇಕಾ? ಸ್ಕ್ರಿಪ್ಟ್ ಪೆನ್‌ಡ್ರೈವ್‌ನಲ್ಲೇ ಇದ್ರೆ ಬ್ಯಾಚ್ ಫೈಲ್ ಒಳಗೆ ಪರ್ಸೆಂಟ್, ಟಿಲ್ಡೆ, ಡಿ, ಸೊನ್ನೆ ಅಂತ ಬರೆದ್ರೆ ಸಾಕು, ತಾನು ಯಾವ ಡ್ರೈವ್‌ನಿಂದ ಓಡ್ತಿದೀನಿ ಅಂತ ಅದೇ ಹೇಳತ್ತೆ. ಸ್ಕ್ರಿಪ್ಟ್ ಕಂಪ್ಯೂಟರ್‌ನಲ್ಲಿದ್ರೆ ಪೆನ್‌ಡ್ರೈವ್‌ನ ರೂಟ್‌ನಲ್ಲಿ (ಯಾವ ಫೋಲ್ಡರ್ ಒಳಗೂ ಅಲ್ದೆ) ಒಂದು ಗುರುತಿನ ಫೈಲ್ ಇಡಿ, ಡಿ ಇಂದ ಝಡ್‌ವರೆಗೆ ಫಾರ್ ಲೂಪ್‌ನಲ್ಲಿ ಸುತ್ತಿ ಇಫ್ ಎಕ್ಸಿಸ್ಟ್ ಅಂತ ಕೇಳಿ, ಎಲ್ಲಿ ಆ ಫೈಲ್ ಸಿಗತ್ತೋ ಅದೇ ನಿಮ್ಮ ಡ್ರೈವ್, ಸಿಗ್ಲಿಲ್ಲ ಅಂದ್ರೆ ಬ್ಯಾಕಪ್ ಶುರುವೇ ಆಗಲ್ಲ. ಮಿರರ್ ಕಾಪಿ ಮಾಡೋರಿಗೆ ಫಿಕ್ಸ್ಡ್ ಲೆಟರ್ ಇದ್ರೂ ಈ ಚೆಕ್ ಇರ್ಲಿ ಅಂತ ನಾನು ಹೇಳ್ತೀನಿ, ಗುರುತಿನ ಫೈಲ್ ಮಿರರ್‌ನಲ್ಲೇ ಅಳಿದು ಹೋಗ್ದಿರೋಕೆ ಕಾಪಿಯನ್ನ ರೂಟ್‌ಗೆ ಮಾಡ್ಬೇಡಿ, ಒಂದು ಫೋಲ್ಡರ್ ಒಳಗೆ ಮಾಡಿ.

ಅಡ್ಮಿನ್ ಹಕ್ಕು ಇಲ್ಲದ ಮಷೀನ್‌ನಲ್ಲಿ ಯಾವ್ದೋ ಹಠಮಾರಿ ಸಾಫ್ಟ್‌ವೇರ್ ಯು ಡ್ರೈವೇ ಬೇಕು ಅಂತ ಕೂತಿದ್ರೆ ಕೊನೇ ದಾರಿ ಸಬ್‌ಸ್ಟ್. ಗುರುತಿನ ಫೈಲ್‌ನಿಂದ ಡ್ರೈವ್ ಹುಡುಕಿ ಅದಕ್ಕೆ ಸಬ್‌ಸ್ಟ್‌ನಲ್ಲಿ ಯು ಅಂತ ಇನ್ನೊಂದು ಹೆಸರು ಕೊಡೋದು. ನಿಮ್ಮ ಲಾಗಿನ್‌ಗೆ ಮಾತ್ರ ಕಾಣ್ಸತ್ತೆ, ಅಡ್ಮಿನ್ ಆಗಿ ತೆಗೆದ ವಿಂಡೋಗೆ ಕಾಣ್ಸಲ್ಲ, ಲಾಗಾಫ್ ಆದ್ರೆ ಹೋಗತ್ತೆ. ಪೆನ್‌ಡ್ರೈವ್ ಕೀಳೋ ಮುಂಚೆ ಸ್ಲ್ಯಾಶ್ ಡಿ ಹಾಕಿ ತೆಗೆದ್ಬಿಡಿ, ಇಲ್ದಿದ್ರೆ ಎಕ್ಸ್‌ಪ್ಲೋರರ್‌ನಲ್ಲಿ ಹಿಂದೆ ಏನೂ ಇಲ್ಲದ ಯು ಡ್ರೈವ್ ಒಂದು ಹಾಗೇ ಉಳ್ಕೊಂಡಿರತ್ತೆ.